ಸಮುದ್ರದೆದುರಿನ ಹಳೇ ಫ್ಲಾಟ್ ರಿಪೇರಿ: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗದಲ್ಲಿ ಮದುವೆ ಊಟಕ್ಕೆ ಕೂತರೂ ಸರಿ, ಫೋರ್ಟ್‌ನ ಉಡುಪಿ ಹೋಟೆಲಿನಲ್ಲಿ ಕಾಫಿಗೆ ನಿಂತರೂ ಸರಿ. ನಾನು ಹಳೇ ಕಟ್ಟಡಗಳ ರಿಪೇರಿ ನೋಡಿಕೊಳ್ಳುವವನು ಅಂತ ಗೊತ್ತಾದ ಕೂಡಲೇ ಪ್ರಶ್ನೆ ಶುರುವಾಗುತ್ತದೆ. ಫೋನಿನಲ್ಲೂ ಅದೇ, ಪತ್ರದಲ್ಲೂ ಅದೇ. ಜಾಸ್ತಿ ಕೇಳುವಂಥವನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ಉತ್ತರಗಳು ಹೆಚ್ಚಾಗಿ 1930–40ರ ಕಾಂಕ್ರೀಟ್ ಕಟ್ಟಡಗಳನ್ನು ನೋಡಿ ಬರೆದವು: ಮರೀನ್ ಡ್ರೈವ್, ಚರ್ಚ್‌ಗೇಟ್, ದಾದರ್‌ನ ಶಿವಾಜಿ ಪಾರ್ಕ್ ಕಡೆಯವು. ಕೊಲಾಬಾದ ಅದಕ್ಕೂ ಹಳೇ ಮನೆಗಳ ಲೆಕ್ಕವೇ ಬೇರೆ. ಅದಕ್ಕೊಂದು ಪ್ರತ್ಯೇಕ ಪ್ರಶ್ನೆ ಇದೆ.

## ಶುರುವಿಗೆ

ನಮ್ಮ ಕಟ್ಟಡ ನಿಜವಾಗ್ಲೂ ಹೆರಿಟೇಜಾ, ಇಲ್ಲಾ ಬರೀ ಹಳೇದಾ? ಹೇಗೆ ತಿಳಿಯೋದು?

ಹಳೇದೆಲ್ಲ ಹೆರಿಟೇಜ್ ಅಲ್ಲ. ಮುಂಬಯಿಗೆ ಹೆರಿಟೇಜ್ ನಿಯಮ ಬಂದದ್ದು 1995ರಲ್ಲಿ. ಆಗ ಕಟ್ಟಡಗಳನ್ನು ಗ್ರೇಡ್ 1, 2ಎ, 2ಬಿ, 3 ಅಂತ ವಿಂಗಡಿಸಿದರು. ಕೆಲವು ಕಡೆ ಒಂದೊಂದೇ ಕಟ್ಟಡ ಅಲ್ಲ, ಇಡೀ ಪ್ರದೇಶವನ್ನೇ ಪಟ್ಟಿಗೆ ಸೇರಿಸಿದ್ದಾರೆ. ಅದಕ್ಕೆ ಪ್ರಿಸಿಂಕ್ಟ್ ಅನ್ನುತ್ತಾರೆ. ಪಟ್ಟಿ ಪಾಲಿಕೆಯಲ್ಲಿ ಸಿಗುತ್ತದೆ. ನಿಮ್ಮ ಕಟ್ಟಡದ ಹೆಸರು ಒಂದೇ ಹುಡುಕಿ ಸಿಗಲಿಲ್ಲ ಅಂತ ಬಿಡಬೇಡಿ, ರಸ್ತೆಯ ಹೆಸರಿನಲ್ಲೂ ನೋಡಿ. ಸೊಸೈಟಿಯ ಹಳೇ ಕಾರ್ಯದರ್ಶಿಗೆ ಇದು ಗೊತ್ತಿರುತ್ತದೆ ಅಂತ ನಂಬಿ ಕೂರುವುದೂ ಬೇಡ.

ಯುನೆಸ್ಕೋ ಪಟ್ಟಿಯಲ್ಲಿದೆ ಅಂದ್ರೆ ಒಳಗೆ ಒಂದು ಮೊಳೆ ಹೊಡೆಯೋಕೂ ಬಿಡಲ್ವಂತೆ, ಹೌದಾ?

ಇಲ್ಲ. 2018ರಲ್ಲಿ ಮುಂಬಯಿಯ ವಿಕ್ಟೋರಿಯನ್ ಗಾಥಿಕ್ (19ನೇ ಶತಮಾನದ ಶೈಲಿ) ಮತ್ತು ಆರ್ಟ್ ಡೆಕೋ (1930–40ರ ಕಾಲದ ಶೈಲಿ) ಕಟ್ಟಡಗಳ ಗುಂಪು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಟ್ಟು 94 ಕಟ್ಟಡ. ಓವಲ್ ಮೈದಾನದ ಎರಡೂ ಬದಿ ಮತ್ತು ಮರೀನ್ ಡ್ರೈವ್‌ನ ಸಮುದ್ರದೆದುರಿನ ಸಾಲು ಅದರಲ್ಲಿವೆ. ಆದರೆ ಯುನೆಸ್ಕೋದವರು ನಿಮ್ಮ ಬಾತ್‌ರೂಮ್ ಟೈಲ್ಸಿಗೆ ಪರವಾನಗಿ ಕೊಡುವವರಲ್ಲ. ಕೇಳಬೇಕಾದದ್ದು ಪಾಲಿಕೆಯನ್ನು, ಅದರ ಮೂಲಕ ಮುಂಬಯಿ ಹೆರಿಟೇಜ್ ಸಂರಕ್ಷಣಾ ಸಮಿತಿಯನ್ನು.

ಗ್ರೇಡ್ 1ರಲ್ಲಿ ಒಳಗೂ ಹೊರಗೂ ಬಿಗಿ. ಗ್ರೇಡ್ 3ರಲ್ಲಿ ಒಳಗಿನ ಬದಲಾವಣೆಗೆ ಅವಕಾಶ ಇದೆ, ಹೊರಗಿನದ್ದಕ್ಕೆ ಪರಿಶೀಲನೆ ಇದೆ. ಸರಳವಾಗಿ ಹೇಳಬೇಕೆಂದರೆ, ಎದುರಿನ ಫುಟ್‌ಪಾತ್‌ನಲ್ಲಿ ನಿಂತವನ ಕಣ್ಣಿಗೆ ಕಾಣುವ ಕಿಟಕಿ, ಗ್ಯಾಲರಿ, ಕಬ್ಬಿಣದ ಜಾಲರಿ, ಛಜ್ಜಾ (ಕಿಟಕಿಯ ಮೇಲಿನ ಬಿಸಿಲು ಮಳೆ ತಡೆಯುವ ಚಾಚು), ಬಣ್ಣ ಇವನ್ನು ಕೇಳದೆ ಮುಟ್ಟಬೇಡಿ.

ಎಷ್ಟು ಖರ್ಚಾಗುತ್ತೆ? ಒಂದು ಅಂದಾಜು ಹೇಳಿ ಸರ್.

ಚದರ ಅಡಿಗೆ ಇಷ್ಟು ಅಂತ ಫೋನಿನಲ್ಲೇ ರೇಟು ಹೇಳುವವನನ್ನು ನಂಬಬೇಡಿ. ಹಳೇ ಮನೆಯ ಪ್ಲಾಸ್ಟರ್ ಕೆರೆಯುವವರೆಗೆ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ನಾನು ಮೊತ್ತದ ಬದಲು ಸರದಿ ಹೇಳುತ್ತೇನೆ. ಮೊದಲು ಕಾಂಕ್ರೀಟಿನ ರಿಪೇರಿ. ಆಮೇಲೆ ನೀರು, ಡ್ರೈನೇಜ್. ಆಮೇಲೆ ವೈರಿಂಗ್. ಆಮೇಲೆ ಕಿಟಕಿ. ಇಷ್ಟು ಮುಗಿದ ಮೇಲೆ ಉಳಿದ ದುಡ್ಡಿನಲ್ಲಿ ಅಡುಗೆಮನೆ, ವಾರ್ಡ್‌ರೋಬ್, ದೀಪ, ಪರದೆ. ಜನ ಇದನ್ನು ಪೂರ್ತಿ ಉಲ್ಟಾ ಮಾಡುತ್ತಾರೆ. ಇಟಾಲಿಯನ್ ಮಾರ್ಬಲ್ ಹಾಕಿಸಿದ ಮನೆಯಲ್ಲಿ ಎರಡನೇ ಮಳೆಗಾಲಕ್ಕೇ ಗೋಡೆ ಒಡೆದು ಪೈಪ್ ಹುಡುಕುವುದನ್ನು ನೋಡಿದ್ದೇನೆ. ಒಟ್ಟು ಬಜೆಟ್ಟಿನ ಕಾಲು ಭಾಗ ಬದಿಗಿಟ್ಟುಕೊಂಡೇ ಶುರು ಮಾಡಿ. ಅದು ಖರ್ಚಾಗದೆ ಉಳಿದರೆ ನಿಮ್ಮ ಅದೃಷ್ಟ.

ಯಾವ ತಿಂಗಳಲ್ಲಿ ಶುರು ಮಾಡಿದ್ರೆ ಒಳ್ಳೇದು?

ದಸರಾ ಮುಗಿದ ಮೇಲೆ. ಮಳೆ ನಿಂತಿರುತ್ತದೆ, ಗೋಡೆ ಒಣಗಲು ಟೈಮ್ ಸಿಗುತ್ತದೆ. ಹೊರಗಿನ ಕೆಲಸ, ಕಿಟಕಿ, ಟೆರೇಸ್ ಎಲ್ಲ ಮೇ ಮಧ್ಯದೊಳಗೆ ಮುಗಿಯಬೇಕು. ಆದರೆ ಮನೆ ನೋಡಲು ಹೋಗುವುದಾದರೆ ಜುಲೈಯಲ್ಲೇ ಹೋಗಿ. ಭರತದ ನೀರು ನಾಲ್ಕೂವರೆ ಮೀಟರ್ ದಾಟಿದ ದಿನ, ಮೇಲಿಂದ ಮಳೆಯೂ ಇದ್ದರೆ, ಸಮುದ್ರದ ಕಡೆಯ ಗೋಡೆಯ ಬಣ್ಣವನ್ನು ಕೈಯಿಂದ ಸವರಿ ನೋಡಿ. ಜನವರಿಯಲ್ಲಿ ಎಲ್ಲಾ ಮನೆಯೂ ಚೆಂದವೇ.

## ಕಾಗದ, ಪರವಾನಗಿ, ಮಾಲೀಕ

ಒಳಗಿನ ಕೆಲಸಕ್ಕೂ ಪಾಲಿಕೆಯ ಪರವಾನಗಿ ಬೇಕಾ? ಸೊಸೈಟಿ ಎನ್‌ಓಸಿ ಇದ್ರೆ ಸಾಕಲ್ವಾ?

ಬಣ್ಣ, ಪ್ಲಾಸ್ಟರ್, ನೆಲ, ಟೈಲ್ಸ್, ಬಾಗಿಲು ಬದಲಾವಣೆ ಇಂಥದ್ದನ್ನು ಪಾಲಿಕೆ ಟೆನೆಂಟೆಬಲ್ ರಿಪೇರಿ ಅನ್ನುತ್ತದೆ. ಸಾಮಾನ್ಯ ಕಟ್ಟಡದಲ್ಲಿ ಅದಕ್ಕೆ ಪರವಾನಗಿ ಬೇಡ. ಗೋಡೆ ತೆಗೆಯುವುದು, ಟಾಯ್ಲೆಟ್ ಜಾಗ ಬದಲಿಸುವುದು, ತೊಲೆ ಕಂಬಕ್ಕೆ ಕೈ ಹಾಕುವುದು ಅಂದರೆ ಕತೆ ಬೇರೆ. ಆಗ ಲೈಸೆನ್ಸ್ ಇರುವ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಮೂಲಕವೇ ಹೋಗಬೇಕು.

ಸೊಸೈಟಿಯ ಎನ್‌ಓಸಿ ಎರಡೂ ಸಂದರ್ಭದಲ್ಲಿ ಬೇಕು. ಅದರ ಜತೆಗೆ ಡಿಪಾಸಿಟ್, ಕೆಲಸದ ಸಮಯ, ಲಿಫ್ಟಿನಲ್ಲಿ ಮರಳು ಸಿಮೆಂಟ್ ಸಾಗಿಸಬಾರದು ಅನ್ನುವ ಷರತ್ತು ಬರುತ್ತದೆ. ಹಳೇ ಜಾಲರಿ ಬಾಗಿಲಿನ ಲಿಫ್ಟ್ ಇದ್ದರೆ ಆ ಷರತ್ತು ನ್ಯಾಯವೇ. ರಾಬಿಟ್, ಅಂದರೆ ಒಡೆದ ಗೋಡೆ ನೆಲದ ಚೂರು, ಗೋಣಿಯಲ್ಲಿ ತುಂಬಿ ಹಿಂದಿನ ಮೆಟ್ಟಿಲಿನಲ್ಲೇ ಇಳಿಸಬೇಕು. ಎಲ್ಲೋ ರಸ್ತೆ ಬದಿ ಸುರಿಯುವ ಟೆಂಪೋದವನಿಗೆ ಕೊಡಬೇಡಿ. ದಂಡ ಬೀಳುವುದು ಮನೆಯವರ ಮೇಲೆ.

ಇನ್ನೊಂದು ಕಾಗದ ಕೇಳಿ ಪಡೆಯಿರಿ: ಸ್ಟ್ರಕ್ಚರಲ್ ಆಡಿಟ್ ವರದಿ, ಅಂದರೆ ಕಟ್ಟಡ ಎಷ್ಟು ಗಟ್ಟಿ ಇದೆ ಅಂತ ಎಂಜಿನಿಯರ್ ಪರೀಕ್ಷಿಸಿ ಬರೆದದ್ದು. 30 ವರ್ಷ ದಾಟಿದ ಕಟ್ಟಡಕ್ಕೆ ಅದು ಕಡ್ಡಾಯ. ಸೊಸೈಟಿಗಳ ಮಾದರಿ ಬೈಲಾ ಪ್ರಕಾರ ಇಂಥ ಕಟ್ಟಡಕ್ಕೆ ಮೂರು ವರ್ಷಕ್ಕೊಮ್ಮೆ ಆಡಿಟ್ ಆಗಬೇಕು. ವರದಿಯಲ್ಲಿ ಸಿ1 ಅಂತಿದ್ದರೆ ಮನೆ ಖಾಲಿ ಮಾಡಿ ಕೆಡವಬೇಕಾದ ಕಟ್ಟಡ ಅಂತ ಅರ್ಥ. ಸಿ2ಎ ಅಂದರೆ ಖಾಲಿ ಮಾಡಿಸಿ ದೊಡ್ಡ ರಿಪೇರಿ, ಸಿ2ಬಿ ಅಂದರೆ ಖಾಲಿ ಮಾಡದೆ ರಿಪೇರಿ, ಸಿ3 ಅಂದರೆ ಸಣ್ಣ ರಿಪೇರಿ. ಮೊದಲ ಎರಡಿದ್ದರೆ ನಿಮ್ಮ ಒಳಾಂಗಣದ ಕನಸನ್ನು ಸದ್ಯಕ್ಕೆ ಮಡಚಿಡಿ.

ನಮ್ಮದು ಪಗಡಿ ಮನೆ. ಅಜ್ಜನ ಕಾಲದಿಂದ ಇದ್ದೇವೆ. ಇದಕ್ಕೆ ದುಡ್ಡು ಹಾಕೋದು ದಡ್ಡತನವಾ?

ದಡ್ಡತನ ಅಲ್ಲ, ಆದರೆ ಹಾಕುವ ರೀತಿ ಬೇರೆ. ಪಗಡಿ ಅಂದರೆ ಮೊದಲು ಒಂದು ದೊಡ್ಡ ಮೊತ್ತ ಕೊಟ್ಟು, ಆಮೇಲೆ ಕಡಿಮೆ ಬಾಡಿಗೆಗೆ ಇರುವ ಹಳೇ ಪದ್ಧತಿ. ಅದರಲ್ಲಿ ನೀವು ಬಾಡಿಗೆದಾರರು. ಮನೆ ನಿಮ್ಮ ಕೈಯಲ್ಲಿದ್ದರೂ ಕಟ್ಟಡ ಮಾಲೀಕನದ್ದು. ಮಹಾರಾಷ್ಟ್ರದ 1999ರ ಬಾಡಿಗೆ ಕಾನೂನಿನ 16ನೇ ಕಲಮಿನಲ್ಲಿ, ಮಾಲೀಕನ ಲಿಖಿತ ಒಪ್ಪಿಗೆ ಇಲ್ಲದೆ ಕಾಯಂ ಕಟ್ಟಣೆ ಮಾಡಿದರೆ ಮನೆ ಬಿಡಿಸಲು ಅವನಿಗೆ ಹಕ್ಕಿದೆ. ನಮ್ಮವರು ಹೆದರುವುದು ಇದಕ್ಕೇ.

ಆದರೆ ಅದೇ ಕಲಮಿನ ವಿವರಣೆಯನ್ನು ಯಾರೂ ಓದುವುದಿಲ್ಲ. ಮರದ ಪಾರ್ಟಿಶನ್, ಅಡುಗೆಮನೆಯ ನಿಂತು ಅಡುಗೆ ಮಾಡುವ ಕಟ್ಟೆ, ಬಾಗಿಲು, ಜಾಲರಿ, ಗಾಳಿಗೆ ಬೇಕಾದ ಕಿಟಕಿ, ಫಾಲ್ಸ್ ಸೀಲಿಂಗ್, ಎಸಿ, ಹೊಗೆ ಹೋಗುವ ಚಿಮಣಿ ಇವು ಕಾಯಂ ಕಟ್ಟಣೆ ಅಲ್ಲ ಅಂತ ಅಲ್ಲೇ ಬರೆದಿದೆ. ಪಾಲಿಕೆಯ ಪರವಾನಗಿ ಬೇಕಾದ ಕಡೆ ಅದನ್ನು ಪಡೆದಿರಬೇಕು, ಅಷ್ಟೆ. ಅಂದರೆ ಒಂದು ಸಂಸಾರ ಆರಾಮವಾಗಿ ಇರಲು ಬೇಕಾದ ಎಷ್ಟೋ ಕೆಲಸಕ್ಕೆ ದಾರಿ ಇದೆ. ಇಟ್ಟಿಗೆ ಗೋಡೆ ಕಟ್ಟುವುದು, ಮೆಜನೈನ್ (ನಡುವಿನ ಅರ್ಧ) ಮಹಡಿ ಏರಿಸುವುದು, ಇಂಥದ್ದಕ್ಕೆ ಮಾತ್ರ ಮಾಲೀಕನ ಸಹಿ ಇರಲಿ. ಬಾಯಿ ಮಾತಿನ ಒಪ್ಪಿಗೆ ಅವರ ಮಗನ ಕಾಲಕ್ಕೆ ನಿಲ್ಲುವುದಿಲ್ಲ. ಬಾಡಿಗೆ ರಸೀದಿ ಯಾರ ಹೆಸರಿನಲ್ಲಿದೆ ಅಂತಲೂ ಈಗಲೇ ನೋಡಿ. ತೀರಿಹೋದ ಅಜ್ಜನ ಹೆಸರಿನಲ್ಲೇ ಇನ್ನೂ ರಸೀದಿ ಬರುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ಟೈಲ್ಸ್ ಅಂಗಡಿಗೆ ಹೋಗಿ.

ಸೆಸ್ ಬಿಲ್ಡಿಂಗ್ ಅಂದ್ರೆ ಏನು? ರಿಪೇರಿ ಮ್ಹಾಡಾದವರೇ ಮಾಡಿಕೊಡ್ತಾರಾ?

ದಕ್ಷಿಣ ಮುಂಬಯಿಯ ಹಳೇ ಬಾಡಿಗೆ ಕಟ್ಟಡಗಳಿಗೆ ರಿಪೇರಿ ಸೆಸ್, ಅಂದರೆ ರಿಪೇರಿಗೆಂದೇ ಇರುವ ತೆರಿಗೆ, ಕಟ್ಟುವ ಪದ್ಧತಿ ಇದೆ. 1940ರ ಸೆಪ್ಟೆಂಬರ್ 1ಕ್ಕಿಂತ ಮೊದಲು ಕಟ್ಟಿದ್ದು ಎ ವರ್ಗ, ಅಲ್ಲಿಂದ 1950ರ ಕೊನೆಯವರೆಗಿನದ್ದು ಬಿ, 1969ರ ಸೆಪ್ಟೆಂಬರ್ ತನಕದ್ದು ಸಿ. ರಾಜ್ಯ ಸರಕಾರದ ವಸತಿ ಸಂಸ್ಥೆ ಮ್ಹಾಡಾದ ರಿಪೇರಿ ಮಂಡಳಿ ನೋಡುವುದು ಕಟ್ಟಡದ ಎಲುಬನ್ನು: ತೊಲೆ, ಕಂಬ, ಸ್ಲ್ಯಾಬು, ಮೆಟ್ಟಿಲು. ಅದಕ್ಕೂ ಖರ್ಚಿನ ಮಿತಿ ಇದೆ, ಸರದಿ ಇದೆ. ನಿಮ್ಮ ನಲ್ಲಿ, ನೆಲ, ಅಡುಗೆಮನೆ ನಿಮ್ಮದೇ.

## ಕಾಂಕ್ರೀಟು, ನೆಲ, ನೀರು

ಸೀಲಿಂಗಿನಿಂದ ಸಿಮೆಂಟ್ ಉದುರ್ತಾ ಇದೆ. ಪಿಓಪಿ ಸೀಲಿಂಗ್ ಹಾಕಿ ಮುಚ್ಚಿಬಿಟ್ರೆ ಆಗಲ್ವಾ?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಮುಚ್ಚಬೇಡಿ.

ಉದುರುವುದು ಸಿಮೆಂಟು, ಆದರೆ ಕಾಯಿಲೆ ಇರುವುದು ಒಳಗಿನ ಸರಳಿಗೆ. ಹೊಸ ಕಾಂಕ್ರೀಟಿಗೆ ಕ್ಷಾರದ ಗುಣ ಇರುತ್ತದೆ. ಅದು ಸರಳಿಗೆ ತುಕ್ಕು ಹಿಡಿಯದಂತೆ ಕಾಪಾಡುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಇಳಿದು ಆ ಗುಣ ಕಳೆಯುತ್ತದೆ. ಸಮುದ್ರದೆದುರು ಇದರ ಮೇಲೆ ಉಪ್ಪೂ ಸೇರುತ್ತದೆ. ಉಪ್ಪಿನ ಕ್ಲೋರೈಡ್ ಸರಳಿನವರೆಗೆ ತಲುಪಿದರೆ ಕಾಂಕ್ರೀಟ್ ಗಟ್ಟಿಯಿದ್ದಂತೆ ಕಂಡರೂ ಒಳಗೆ ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನು ಹೊರಗೆ ದೂಡುತ್ತದೆ. ಮೊದಲು ಸರಳಿನ ಉದ್ದಕ್ಕೂ ನೇರವಾದ ಕೂದಲೆಳೆ ಬಿರುಕು, ಆಮೇಲೆ ಕಂದು ಕಲೆ, ಕೊನೆಗೆ ಒಂದು ದಿನ ಊಟದ ಮೇಜಿನ ಮೇಲೆ ತುಂಡು.

ಪರೀಕ್ಷೆ ಕಣ್ಣಾರೆ ನೋಡುವಂಥದ್ದು, ಮನೆಯವರು ಹತ್ತಿರ ನಿಂತು ನೋಡಬೇಕು. ಎಂಜಿನಿಯರ್ ಸಣ್ಣ ಸುತ್ತಿಗೆಯಿಂದ ಸ್ಲ್ಯಾಬಿನ ಕೆಳಗೆ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಜಾಗದಲ್ಲಿ ಠಣ್ ಅನ್ನುತ್ತದೆ, ಬಿಟ್ಟುಕೊಂಡ ಜಾಗದಲ್ಲಿ ಬದ್ ಬದ್. ಬದ್ ಅಂದ ಕಡೆ ಚಾಕ್‌ಪೀಸಿನಲ್ಲಿ ಗುರುತು ಹಾಕುತ್ತಾರೆ. ಒಂದು ಮೂಲೆ ಒಡೆದು, ಹಸಿ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸುತ್ತಾರೆ. ಆರೋಗ್ಯದ ಕಾಂಕ್ರೀಟ್ ಕ್ಷಣದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸತ್ವ ಹೋದದ್ದು ಬೂದಿ ಬಣ್ಣದಲ್ಲೇ ಉಳಿಯುತ್ತದೆ. ಆ ಗುಲಾಬಿ ಗೆರೆ ಸರಳಿಗಿಂತ ಒಳಗೆ ಇದ್ದರೆ, ಅಂದರೆ ಸರಳು ಬೂದಿ ಭಾಗದಲ್ಲಿದ್ದರೆ, ಅದಕ್ಕೆ ರಕ್ಷಣೆ ಇಲ್ಲ. ಇದರ ಜತೆ ರಿಬೌಂಡ್ ಹ್ಯಾಮರ್, ಅಲ್ಟ್ರಾಸೌಂಡ್ ಪರೀಕ್ಷೆ, ತುಕ್ಕಿನ ಸಾಧ್ಯತೆ ಹೇಳುವ ಹಾಫ್ ಸೆಲ್ ಪರೀಕ್ಷೆ, ಕ್ಲೋರೈಡ್ ಅಳತೆ ಇವೆ.

ರಿಪೇರಿ ಅಂದರೆ ಬಿಟ್ಟುಕೊಂಡದ್ದನ್ನು ಸರಳಿನ ಹಿಂಭಾಗದವರೆಗೆ ಒಡೆಯಬೇಕು, ತುಕ್ಕು ಪೂರ್ತಿ ಉಜ್ಜಬೇಕು, ಸವೆದ ಕಡೆ ಹೊಸ ಸರಳು ಸೇರಿಸಬೇಕು, ತುಕ್ಕು ತಡೆಯುವ ಲೇಪ ಹಚ್ಚಿ ಪಾಲಿಮರ್ ಗಾರೆ ಅಥವಾ ಮೈಕ್ರೋ ಕಾಂಕ್ರೀಟ್ ತುಂಬಬೇಕು. ತುಕ್ಕಿನ ಮೇಲೆ ಸುಮ್ನೆ ಸಿಮೆಂಟ್ ಬಳಿದು ಹೋಗುವ ಮಿಸ್ತ್ರಿ ಮೂರು ಮಳೆಗಾಲದೊಳಗೆ ವಾಪಸ್ ಬರಬೇಕಾಗುತ್ತದೆ. ಇಷ್ಟು ಮುಗಿದ ಮೇಲೂ ಫಾಲ್ಸ್ ಸೀಲಿಂಗ್ ಬೇಕೇ ಬೇಕು ಅಂದರೆ ಪ್ಯಾಸೇಜಿಗೆ ಮಾತ್ರ ಹಾಕಿ. ನೋಡಲು ತೆರೆಯುವ ಮುಚ್ಚಳ ಇರಲಿ. ಹಾಲಿನ ಎತ್ತರದ ಸೀಲಿಂಗ್ ಹಾಗೇ ಬಿಡಿ. ಅಷ್ಟು ಎತ್ತರ ಈಗಿನ ಟವರ್‌ಗಳಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಎರಡು ರೂಮಿನ ನಡುವಿನ ಗೋಡೆ ತೆಗೆದು ಹಾಲ್ ದೊಡ್ಡದು ಮಾಡಬಹುದಾ?

ಕಾಂಕ್ರೀಟ್ ಚೌಕಟ್ಟಿನ ಕಟ್ಟಡದಲ್ಲಿ ನಡುಗೋಡೆಗಳು ಸಾಮಾನ್ಯವಾಗಿ ಬರೀ ತುಂಬಿದ ಇಟ್ಟಿಗೆ. ಸಿದ್ಧಾಂತದಲ್ಲಿ ತೆಗೆಯಬಹುದು. ಆದರೆ ಎಂಬತ್ತು ವರ್ಷದಲ್ಲಿ ಮೇಲಿನ ಸ್ಲ್ಯಾಬು ಸ್ವಲ್ಪ ಬಾಗಿ ಆ ಗೋಡೆಯ ಮೇಲೆ ಕೂತಿರುತ್ತದೆ. ಗೋಡೆ ತೆಗೆದ ದಿನ ಏನೂ ಆಗುವುದಿಲ್ಲ. ತಿಂಗಳ ಮೇಲೆ ಮೇಲಿನ ಮನೆಯವರ ಬಾಗಿಲು ಬಿಗಿಯಾಗುತ್ತದೆ. ಹಾಗಾಗಿ ಲೆಕ್ಕ ಮಾಡುವ ಎಂಜಿನಿಯರ್ ಬರೆದು ಕೊಡದೆ ಕೈ ಹಾಕಬೇಡಿ. ಎಸಿ ಪೈಪಿಗೆ ಅಂತ ತೊಲೆಗೆ ತೂತು ಕೊರೆಯುವುದಂತೂ ಬೇಡವೇ ಬೇಡ.

ನನ್ನ ಅಭಿಪ್ರಾಯ ಕೇಳಿದರೆ, ಇಡೀ ಗೋಡೆ ತೆಗೆಯುವ ಬದಲು ಬಾಗಿಲಿನ ಜಾಗವನ್ನು ಅಗಲ ಮಾಡಿ ನಾಲ್ಕು ಮಡಚುವ ಬಾಗಿಲು ಕೂರಿಸಿ. ಊರಿಂದ ಅತ್ತೆ ಮಾವ ಬಂದಾಗ ಮುಚ್ಚಲು ಒಂದು ಕೋಣೆ ಬೇಕಲ್ವಾ?

ನಮ್ಮದು ಕೊಲಾಬಾ ಮನೆ. ಮರದ ತೊಲೆ, ದಪ್ಪ ಗೋಡೆ. ಅದಕ್ಕೂ ಇದೇ ರೀತಿನಾ?

ಅಲ್ಲ. ಅಲ್ಲಿ ಭಾರ ಹೊರುವುದೇ ಗೋಡೆ, ಹಾಗಾಗಿ ಯಾವ ಗೋಡೆಯೂ ಸುಮ್ನೆ ನಿಂತಿಲ್ಲ. ಗಾರೆ ಸುಣ್ಣದ್ದು. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಹಾಕಿದರೆ ಒಳಗಿನ ತೇವ ಹೊರಗೆ ಬರಲು ದಾರಿ ಇಲ್ಲದೆ ಗೋಡೆ ಒಳಗಿಂದಲೇ ಪುಡಿಯಾಗುತ್ತದೆ. ಸುಣ್ಣದ ಗಾರೆಗೆ ಸುಣ್ಣವೇ ಆಗಬೇಕು, ಬಣ್ಣವೂ ಉಸಿರಾಡುವಂಥದ್ದಿರಬೇಕು. ಮರದ ತೊಲೆ ಕೊಳೆಯುವುದು ನಡುವಲ್ಲಲ್ಲ, ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಸಪೂರ ಡ್ರಿಲ್ಲಿನಿಂದ ತುದಿಯನ್ನು ಪರೀಕ್ಷಿಸಿ. ಬಾತ್‌ರೂಮಿನ ಕೆಳಗಿನ ತೊಲೆಗಳಿಂದ ಶುರು ಮಾಡಿ.

ಮೊಸಾಯಿಕ್ ನೆಲ ಕಪ್ಪಾಗಿದೆ, ಬಿರುಕು ಬಿಟ್ಟಿದೆ. ಕಿತ್ತು ವಿಟ್ರಿಫೈಡ್ ಹಾಕೋಣ ಅಂತಾರೆ ಮನೆಯಲ್ಲಿ. ನೀವೇನಂತೀರಿ?

ಕೀಳಬೇಡಿ. ಮನೆಯಲ್ಲಿ ಜಗಳ ಆದರೂ ಸರಿ.

ಆ ಕಾಲದ ಮನೆಗಳಲ್ಲಿ ಎರಡು ಥರದ ನೆಲ ಸಿಗುತ್ತದೆ. ಒಂದು ಸ್ಥಳದಲ್ಲೇ ಸುರಿದು ಉಜ್ಜಿದ ಮೊಸಾಯಿಕ್: ಬಣ್ಣದ ಸಿಮೆಂಟಿನಲ್ಲಿ ಮಾರ್ಬಲ್ ಚೂರು, ನಡುವೆ ಹಿತ್ತಾಳೆ ಅಥವಾ ಗಾಜಿನ ಪಟ್ಟಿ, ಅಂಚಿಗೆ ಬೇರೆ ಬಣ್ಣ. ಇನ್ನೊಂದು ಅಚ್ಚಿನಲ್ಲಿ ಒತ್ತಿ ಮಾಡಿದ ಸಿಮೆಂಟ್ ಟೈಲು. ಮುಂಬಯಿಯಲ್ಲೇ 1922ರಲ್ಲಿ ಶುರುವಾದ ಭಾರತ್ ಫ್ಲೋರಿಂಗ್ಸ್‌ನಂಥ ಸ್ವದೇಶಿ ಕಂಪನಿಗಳು ಇದನ್ನು ಮಾಡುತ್ತಿದ್ದವು. ಇಂದೂ ಮಾಡುತ್ತಿವೆ. ಒಡೆದ ನಾಲ್ಕು ಟೈಲಿಗೆ ಹೊಂದುವಂಥದ್ದು ಮಾಡಿಸಿಕೊಳ್ಳಲು ಸಾಧ್ಯ.

ಕಪ್ಪಾಗಿರುವುದು ಬರೀ ಹಳೇ ಮೇಣ, ಕೊಳೆ, ಫಿನಾಯಿಲ್. ಮೂಲೆಯಲ್ಲಿ, ಕಪಾಟಿನ ಕೆಳಗೆ, ಒಂದು ಚದರ ಅಡಿ ಉಜ್ಜಿಸಿ ನೋಡಿ. ಮೊದಲ ಕಲ್ಲು ತಿರುಗಿದಾಗ ಬರುವ ಕೆಸರು ಬೂದಿ ಬಣ್ಣದ್ದು. ಎರಡನೇ ಸಲಕ್ಕೆ ಅದು ನೆಲದ ಬಣ್ಣಕ್ಕೇ ತಿರುಗುತ್ತದೆ, ಹಸಿರು ನೆಲವಾದರೆ ಹಸಿರು, ಕಾವಿಯಾದರೆ ಕಾವಿ. ಅಲ್ಲಿಗೆ ಮನೆಯವರ ಮನಸ್ಸು ಬದಲಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಒರಟು ಕಲ್ಲಿನಿಂದ ನಯ ಕಲ್ಲಿನವರೆಗೆ ಹಂತ ಹಂತವಾಗಿ ಉಜ್ಜಬೇಕು. ನಡುವೆ ಸಣ್ಣ ತೂತು, ಬಿರುಕುಗಳಿಗೆ ಅದೇ ಬಣ್ಣದ ಸಿಮೆಂಟ್ ತುಂಬಿ ಒಣಗಲು ಬಿಡಬೇಕು. ನಾಣ್ಯದಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಟೈಲನ್ನು ಮಾತ್ರ ಎತ್ತಿ ಮತ್ತೆ ಕೂರಿಸಿ. ಉಜ್ಜುವ ನೀರು ಬಿರುಕಿನಲ್ಲಿ ಇಳಿದು ಕೆಳಗಿನ ಮನೆಯ ಸೀಲಿಂಗಿಗೆ ಹೋಗುತ್ತದೆ, ಅವರಿಗೆ ಮೊದಲೇ ಹೇಳಿ. ಆಮೇಲೆ ಆ ನೆಲಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ತಾಗಿಸಬೇಡಿ. ಮಾರ್ಬಲ್ ಚೂರು ಆಸಿಡ್ಡಿಗೆ ಕರಗುತ್ತದೆ. ಲಿಂಬೆ, ಹುಣಸೆ ರಸ ಚೆಲ್ಲಿದರೂ ಕೂಡಲೇ ಒರೆಸಿ.

ಇನ್ನೊಂದು ಕಾರಣವೂ ಇದೆ. ಹಳೇ ನೆಲದ ಮೇಲೇ ಹೊಸ ಟೈಲ್ಸ್ ಹಾಕಿದರೆ ಹಳೇ ಸ್ಲ್ಯಾಬಿನ ಮೇಲೆ ಭಾರ ಏರುತ್ತದೆ. ಲಾಫ್ಟಿನಲ್ಲಿ ಸಾವಿರ ಲೀಟರಿನ ಟಾಂಕಿ ಇಟ್ಟರೂ ಅಷ್ಟೇ, ನೀರೊಂದೇ ಒಂದು ಟನ್.

ಅಮ್ಮನಿಗೆ ಮಂಡಿ ನೋವು. ಬಾತ್‌ರೂಮಿನ ಮುಂದಿನ ಮೆಟ್ಟಿಲು ತೆಗೀಬಹುದಾ?

ಆ ಮೆಟ್ಟಿಲು ಸುಮ್ನೆ ಕಟ್ಟಿದ್ದಲ್ಲ. ಹಳೇ ಕಟ್ಟಡದಲ್ಲಿ ಬಾತ್‌ರೂಮಿಗೆ ತಗ್ಗಿಸಿದ ಸ್ಲ್ಯಾಬ್ ಇರದೇ ಹೋದರೆ, ಪೈಪನ್ನು ನೆಲದ ಮೇಲೇ ಮಲಗಿಸಿ ಇಟ್ಟಿಗೆ ಚೂರಿನ ಕೋಬಾ ತುಂಬಿ ಎತ್ತರ ಮಾಡುತ್ತಿದ್ದರು. ದಾರಿ ಹೀಗೆ: ಗೋಡೆಗೆ ನೇತಾಡುವ ಕಮೋಡ್ ಹಾಕಿ, ಅದರ ಪೈಪ್ ಹಿಂದಿನ ಗೋಡೆಯಿಂದ ನೇರ ಹೊರಗಿನ ಲಂಬ ಪೈಪಿಗೆ ಹೋಗಲಿ. ನೆಲದ ನೀರು ಹೋಗುವ ಜಾಲಿಯನ್ನೂ ಆ ಗೋಡೆಯ ಬದಿಗೇ ತನ್ನಿ. ಪೈಪಿನ ಓಟ ಕಡಿಮೆಯಾದಷ್ಟೂ ಇಳಿಜಾರಿಗೆ ಬೇಕಾದ ಎತ್ತರ ಕಡಿಮೆ. ಪೂರ್ತಿ ಸಮ ಆಗದಿದ್ದರೂ ಒಂದು ಸಣ್ಣ ಇಳಿಜಾರಿಗೆ ಬಂದು ನಿಲ್ಲುತ್ತದೆ.

ಹಳೇ ಕೋಬಾ ತೆಗೆದ ಮೇಲೆ ವಾಟರ್‌ಪ್ರೂಫಿಂಗ್ ಹೊಸದಾಗಿ ಆಗಬೇಕು. ಗೋಡೆ ನೆಲ ಸೇರುವ ಕಡೆ ಸಿಮೆಂಟಿನ ವಾಟಾ, ಅಂದರೆ ಮೂಲೆ ತುಂಬುವ ಗುಂಡಗಿನ ಅಂಚು, ಕಟ್ಟಿಸಿ. ಟೈಲ್ಸ್ ಹಾಕುವ ಮೊದಲು ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಮನೆಗೆ ಹೋಗಿ ಸೀಲಿಂಗ್ ನೋಡಿ ಬನ್ನಿ. ಹಳೇ ಬೀಡು ಕಬ್ಬಿಣದ ಪೈಪು ಹೊರಗಿಂದ ಚೆನ್ನಾಗಿ ಕಂಡರೂ ಒಳಗೆ ಕಟ್ಟಿಕೊಂಡಿರುತ್ತದೆ. ಅದು ಇಡೀ ಸಾಲಿನ ಮನೆಗಳಿಗೆ ಸೇರಿದ್ದಾದ್ದರಿಂದ ಬದಲಿಸುವ ಮಾತನ್ನು ಸೊಸೈಟಿಯಲ್ಲಿ ಎತ್ತಿ. ಮತ್ತೆ, ಕೆಳಗಿನವರ ಅಡುಗೆಮನೆಯ ಮೇಲೆ ಹೊಸ ಟಾಯ್ಲೆಟ್ ತರುವ ಯೋಚನೆ ಇದ್ದರೆ ಅದನ್ನು ಇಲ್ಲಿಗೇ ಬಿಡಿ.

ವೈರಿಂಗ್ ಕೆಲಸ ಮಾಡ್ತಾ ಇದೆ. ಸುಮ್ನೆ ಯಾಕೆ ಬದಲಿಸಬೇಕು?

ಮರದ ಪಟ್ಟಿಯೊಳಗೆ ಓಡುವ ರಬ್ಬರ್ ಹೊದಿಕೆಯ ವೈರು ಮುಟ್ಟಿದರೆ ಪುಡಿಯಾಗುತ್ತದೆ. ಅದು ನಾಲ್ಕು ಫ್ಯಾನು, ಆರು ಬಲ್ಬಿಗೆ ಅಂತ ಹಾಕಿದ್ದು. ಈಗ ಎಸಿ, ಗೀಸರ್, ಇಂಡಕ್ಷನ್, ಗ್ರೈಂಡರ್ ಎಲ್ಲ ಒಟ್ಟಿಗೆ. ಪೂರ್ತಿ ತಾಮ್ರದ ವೈರ್, ಸರಿಯಾದ ಅರ್ಥಿಂಗ್, ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇಷ್ಟು ಬೇಕೇ ಬೇಕು. ದ್ವೀಪ ನಗರದ (ಮುಂಬಯಿಯ ದಕ್ಷಿಣದ ಹಳೇ ಭಾಗದ) ಹೆಚ್ಚಿನ ಕಡೆ ಕರೆಂಟು ಪಾಲಿಕೆಯ ಸಂಸ್ಥೆಯಾದ ಬೆಸ್ಟ್‌ನದ್ದು. ಲೋಡ್ ಏರಿಸುವ ಅರ್ಜಿ ಕೆಲಸ ಶುರುವಾಗುವ ಮೊದಲೇ ಹಾಕಿ, ಕೆಳಗಿನ ಮೀಟರ್ ರೂಮಿನಿಂದ ಬರುವ ಕೇಬಲ್ಲೂ ಹಳೇದಿದ್ದರೆ ಅದನ್ನೂ ಸೇರಿಸಿ. ಹಳೇ ಪಿಂಗಾಣಿ ಸ್ವಿಚ್‌ಗಳು ನೋಡಲು ಇಷ್ಟವಾದರೆ ಗೋಡೆಗೆ ಅಲಂಕಾರಕ್ಕೆ ಇಡಿ, ಕನೆಕ್ಷನ್ ಕೊಡಬೇಡಿ.

## ಸಂಸಾರ ನಡೆಯಬೇಕಲ್ಲ

ಓಪನ್ ಕಿಚನ್ ಮಾಡಿದ್ರೆ ಬಂಗುಡೆ ಹುರಿದ ವಾಸನೆ ಹಾಲಿಗೆ ಬರಲ್ವಾ?

ಬರುತ್ತದೆ. ಮರೀನ್ ಡ್ರೈವ್ ಮನೆಗಳಲ್ಲಿ ಗಾಳಿ ಪಶ್ಚಿಮದ ಕಿಟಕಿಯಿಂದ ಹಾಲಿಗೆ ಬಂದು ಹಿಂದಿನ ಅಡುಗೆಮನೆಯಿಂದ ಹೊರಗೆ ಹೋಗುವಂತೆ ಯೋಜನೆ ಇದೆ. ಸಮುದ್ರದ ಗಾಳಿ ಬೀಸುವ ಹೊತ್ತಿನಲ್ಲಿ ವಾಸನೆ ತಾನಾಗಿ ಹಿಂದಕ್ಕೆ ಹೋಗುತ್ತದೆ. ರಾತ್ರಿ ಎಸಿಗಾಗಿ ಕಿಟಕಿ ಮುಚ್ಚಿದಾಗಲೇ ತಾಪತ್ರಯ. ನಡುವೆ ಜಾರುವ ಗಾಜಿನ ಬಾಗಿಲು ಇಡಿ. ಚಿಮಣಿಯ ಪೈಪ್ ಹಿಂದಿನ ಗೋಡೆಯಿಂದ ಹೊರಗೆ ಹೋಗಲಿ, ಮುಂಭಾಗದಿಂದ ಅಲ್ಲ. ಬಾಗಿಲುಗಳ ಮೇಲಿನ ಹಳೇ ವೆಂಟಿಲೇಟರ್‌ಗಳನ್ನು ಪ್ಲೈವುಡ್ ಹೊಡೆದು ಮುಚ್ಚಿದ್ದರೆ ತೆರೆಯಿರಿ. ಪೈಪ್ ಗ್ಯಾಸಿನ ಲೈನನ್ನು ನಿಮ್ಮ ಪ್ಲಂಬರ್ ಕೈಯಲ್ಲಿ ಸರಿಸಬೇಡಿ, ಗ್ಯಾಸ್ ಕಂಪನಿಯವರನ್ನೇ ಕರೆಸಿ.

ಸಣ್ಣ ಮಕ್ಕಳಿದ್ದಾರೆ. ಹಳೇ ಮನೆಯಲ್ಲಿ ಅವರಿಗೆ ಏನಾದ್ರೂ ಅಪಾಯ ಇದೆಯಾ?

ಎರಡು. ಒಂದು ಕಣ್ಣಿಗೆ ಕಾಣುವಂಥದ್ದು: ಗ್ಯಾಲರಿಯ ತಗ್ಗು ಕಟಾಂಜನ. ಹೊರಗಿನ ಜಾಲರಿ ಮುಟ್ಟದೆ, ಒಳಬದಿಯಲ್ಲಿ ಉಪ್ಪು ಗಾಳಿ ತಡೆಯುವ 316 ದರ್ಜೆಯ ಸ್ಟೀಲ್ ತಂತಿಗಳ ತಡೆ ಕಟ್ಟಬಹುದು. ದೂರದಿಂದ ಅದು ಕಾಣುವುದೇ ಇಲ್ಲ.

ಇನ್ನೊಂದು ಕಾಣದ್ದು, ಸೀಸ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಮೊದಲಿನ ಎಣ್ಣೆ ಬಣ್ಣದ ಪದರಗಳು ನಿಮ್ಮ ಬಾಗಿಲು ಕಿಟಕಿಗಳ ಮೇಲೆ ಒಂದರ ಮೇಲೊಂದು ಕೂತಿವೆ. ಅದನ್ನು ಒಣಗಿದ್ದಾಗ ಮೆಷಿನ್ ಹಾಕಿ ಉಜ್ಜಿದರೆ ಧೂಳು ಮನೆಯೆಲ್ಲ. ಆ ಹೊತ್ತಿನಲ್ಲಿ ಮಕ್ಕಳು, ಬಸುರಿಯರು ಮನೆಯಲ್ಲಿ ಇರಲೇಬಾರದು. ಒದ್ದೆ ಮಾಡಿ ಕೆರೆಯಲು ಹೇಳಿ, ಮಿಸ್ತ್ರಿಗೂ ಒಳ್ಳೇ ಮಾಸ್ಕ್ ಕೊಡಿ.

ಗ್ಯಾಲರಿ ಮುಚ್ಚಿ ರೂಮಿಗೆ ಸೇರಿಸಬಹುದಾ? ಪಕ್ಕದವರು ಮಾಡಿದ್ದಾರೆ.

ಪಕ್ಕದವರು ಮಾಡಿದ್ದು ಪರವಾನಗಿ ಅಲ್ಲ. ಗುಂಡನೆ ತಿರುಗುವ ಆ ಗ್ಯಾಲರಿಗಳೇ ಆರ್ಟ್ ಡೆಕೋ ಸಾಲಿನ ಮುಖ. ಚರ್ಚೆ ಅದಕ್ಕೇ ನಿಲ್ಲುವುದಿಲ್ಲ. ಗ್ಯಾಲರಿ, ಛಜ್ಜಾ ಎರಡೂ ಮಧ್ಯಾಹ್ನದ ಬಿಸಿಲನ್ನೂ ನೈಋತ್ಯ ಮಳೆಯನ್ನೂ ನಿಮ್ಮ ಕೋಣೆಗೆ ಬರದಂತೆ ತಡೆಯುತ್ತವೆ. ಗಾಜು ಹಾಕಿ ಮುಚ್ಚಿದರೆ ಬಿಸಿಲು ನೇರ ಒಳಗೆ. ಹಾಗಾಗಿ ಗ್ಯಾಲರಿ ತೆರೆದೇ ಇರಲಿ. ತುಳಸಿ ಕುಂಡ, ಎರಡು ಬೆತ್ತದ ಕುರ್ಚಿ ಸಾಕು. ತುಳಸಿಗೆ ಉಪ್ಪು ಗಾಳಿ ಹಿಡಿಸುವುದಿಲ್ಲ, ಗೋಡೆಯ ಮರೆಗೆ ಇಡಿ.

ಹಳೇ ತೇಗದ ಕಿಟಕಿ ತೆಗೆದು ಯುಪಿವಿಸಿ (ಪ್ಲಾಸ್ಟಿಕ್ ಚೌಕಟ್ಟಿನದ್ದು) ಹಾಕ್ಲಾ? ಟ್ರಾಫಿಕ್ ಸದ್ದು ತಡೆಯೋಕಾಗ್ತಾ ಇಲ್ಲ.

ಬರ್ಮಾ ತೇಗ ಆದರೆ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಕೊಳೆಯುವುದು ಕೆಳಗಿನ ಅಡ್ಡಪಟ್ಟಿ, ಸೋಲುವುದು ಕಬ್ಬಿಣದ ಕೀಲು. ಒಳ್ಳೇ ಸುತಾರ್ (ಬಡಗಿ) ಕೊಳೆತ ತುಂಡನ್ನು ಮಾತ್ರ ಕತ್ತರಿಸಿ ಹಳೇ ತೇಗದಿಂದಲೇ ಜೋಡಿಸುತ್ತಾನೆ. ಹಳೇ ಮರ ಜೋಗೇಶ್ವರಿಯ ಓಶಿವರಾ ಫರ್ನಿಚರ್ ಬಜಾರಿನಲ್ಲಿ ಸಿಗುತ್ತದೆ. ಕೀಲು, ಚಿಲಕ ಹಿತ್ತಾಳೆಯದ್ದೇ ಹಾಕಿಸಿ. ಸದ್ದಿಗೆ ಬೇಕಾದ್ದು ಹೊಸ ಚೌಕಟ್ಟಲ್ಲ, ದಪ್ಪ ಲ್ಯಾಮಿನೇಟೆಡ್ ಗಾಜು ಮತ್ತು ಅಂಚಿಗೆ ರಬ್ಬರ್ ಪಟ್ಟಿ. ಅದಕ್ಕೂ ಬಗ್ಗದಿದ್ದರೆ ಮಲಗುವ ಕೋಣೆಗೆ ಮಾತ್ರ ಒಳಬದಿಯಲ್ಲಿ ಎರಡನೇ ಕಿಟಕಿ ಕೂರಿಸಿ. ಹೊರಗಿನ ಮುಖ ಹಾಗೇ ಉಳಿಯುತ್ತದೆ.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಎಸಿ ಎರಡು ವರ್ಷಕ್ಕೆ ತೂತು ಬೀಳ್ತದೆ, ನಲ್ಲಿ ಆರು ತಿಂಗಳಿಗೆ ತುಕ್ಕು. ಏನು ಮಾಡೋದು?

ಸ್ಟೀಲ್ ಅಂತ ಮಾರುವುದರಲ್ಲಿ ಹೆಚ್ಚಿನದ್ದು 304 ದರ್ಜೆ. ಸಮುದ್ರದೆದುರು 316 ಬೇಕು. ಅದರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪು ತಡೆಯುತ್ತದೆ. ರೇಟು ಜಾಸ್ತಿ, ಆದರೆ ಹೊರಗಿನ ಸ್ಕ್ರೂ, ಬ್ರಾಕೆಟ್, ಕಟಾಂಜನಕ್ಕೆ ಅದೇ ಇರಲಿ. ಕಪಾಟಿಗೆ ಐಎಸ್ 710 ಗುರುತಿನ ಮರೈನ್ ಪ್ಲೈ, ಅಂಚುಗಳನ್ನೂ ಹಿಂಭಾಗವನ್ನೂ ಸೀಲ್ ಮಾಡಿಸಿ, ಹೊರಗೋಡೆಗೆ ತಾಗಿಸದೆ ಬೆರಳು ಹೋಗುವಷ್ಟು ಜಾಗ ಬಿಡಿ.

ಎಸಿಯ ಹೊರಗಿನ ಯೂನಿಟ್ಟನ್ನು ಸಮುದ್ರದ ಕಡೆ ನೇತು ಹಾಕಬೇಡಿ. ಹೆರಿಟೇಜ್ ದೃಷ್ಟಿಯಿಂದಲೂ ತಪ್ಪು, ಮೆಷಿನ್ನಿಗೂ ಕೇಡು. ಹಿಂದಿನ ಅಂಗಳದ ಕಡೆ ಇಡಿ. ತಾಮ್ರದ ಕಾಯಿಲ್, ಲೇಪ ಇರುವ ರೆಕ್ಕೆ ನೋಡಿ ತೆಗೆದುಕೊಳ್ಳಿ. ಸರ್ವಿಸ್ ಬರುವವರೆಗೆ ಕಾಯದೆ ಸಿಹಿನೀರಿನಿಂದ ಆಗಾಗ ತೊಳೆಸಿ.

ಇಷ್ಟೆಲ್ಲ ಮಾಡಿದ ಮೇಲೆ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋದ್ರೆ?

ಹೋಗಬಹುದು. ಸೊಸೈಟಿಯಲ್ಲಿ ಶೇಕಡಾ 51 ಸದಸ್ಯರು ಒಪ್ಪಿದರೆ ಪ್ರಸ್ತಾಪ ಮುಂದೆ ಹೋಗುತ್ತದೆ. ಹೆರಿಟೇಜ್ ಸಾಲಿನಲ್ಲಿ ಅದು ನಿಧಾನ, ಬೇರೆ ಕಡೆ ಬೇಗ. ಆದ್ದರಿಂದ ಖರ್ಚು ಮಾಡುವ ಮೊದಲು ಕಳೆದ ಮೂರು ಮಹಾಸಭೆಯ ನಡಾವಳಿ ತರಿಸಿ ಓದಿ. ಬಿಲ್ಡರ್ ಹೆಸರು, ಫೀಸಿಬಿಲಿಟಿ ವರದಿ (ಕೆಡವಿ ಕಟ್ಟಿದರೆ ಲೆಕ್ಕ ಕೂಡುತ್ತದಾ ಅನ್ನುವ ವರದಿ) ಅನ್ನುವ ಮಾತು ಅಲ್ಲಿ ಬಂದಿದ್ದರೆ ಸುರಕ್ಷತೆಗೆ ಬೇಕಾದಷ್ಟೇ ಮಾಡಿ: ಸೀಲಿಂಗ್, ವೈರಿಂಗ್, ನೀರು. ಗೋಡೆಗೆ ಅಂಟಿಸಿದ ವಾರ್ಡ್‌ರೋಬ್ ಬದಲು ಎತ್ತಿಕೊಂಡು ಹೋಗಬಹುದಾದ ಕಪಾಟು ಮಾಡಿಸಿ.

ಅಂಥ ಮಾತೇನೂ ಇಲ್ಲ ಅಂದರೂ, ಮನೆಯ ಪ್ರತಿ ಕೋಣೆಯನ್ನು ಕೆಲಸದ ಮೊದಲು ಒಮ್ಮೆ, ಆಮೇಲೊಮ್ಮೆ ಅಳತೆ ಟೇಪು ಹಿಡಿದು ಫೋಟೋ ತೆಗೆದಿಡಿ. ಕಾರ್ಪೆಟ್ ಏರಿಯಾದ ನಕ್ಷೆಗೆ ಆರ್ಕಿಟೆಕ್ಟ್ ಸಹಿ ಇರಲಿ. ಹೊಸ ಕಟ್ಟಡದಲ್ಲಿ ನಿಮಗೆ ಎಷ್ಟು ಜಾಗ ಅನ್ನುವ ಲೆಕ್ಕ ಬಂದಾಗ ಬಿಲ್ಡರ್ ಕಡೆಯವನು ತನ್ನದೇ ಅಳತೆ ತರುತ್ತಾನೆ. ಮುಚ್ಚಿದ ಗ್ಯಾಲರಿಯನ್ನು ಅದರಲ್ಲಿ ಸೇರಿಸಿದ್ದಾನೋ ಬಿಟ್ಟಿದ್ದಾನೋ ನೀವೇ ನೋಡಬೇಕು. ತೇಗದ ಬಾಗಿಲು, ಹಿತ್ತಾಳೆ ಚಿಲಕ, ಬಣ್ಣದ ಗಾಜು ಬಿಚ್ಚಿ ಒಯ್ಯುವ ಹಕ್ಕು ನಿಮ್ಮದು ಅಂತ ಒಪ್ಪಂದದಲ್ಲಿ ಒಂದು ಸಾಲು ಬರೆಸಿ.